ರಾಮೇಶ್ವರದಲ್ಲಿ ಇಳಿಯದ ಮಿಲ್ಲಿನಮ್ಮ

ನಾನು ಎದ್ದು ನಿಂತು ನಿಜ ಹೇಳಿದರೆ ಏನೇನು ಆಗಬಹುದಿತ್ತು? ನಮ್ಮ ಶಾಲೆಯ ಕಮಿಟಿಗೆ ಸಾವ್ಕಾರರೇ ಅಧ್ಯಕ್ಷರು, ಮರುದಿನವೇ ನನ್ನನ್ನು ಮನೆಗೆ ಕಳಿಸಬಹುದಿತ್ತು. ನಾನಿರುವ ಮನೆಯೂ ಅವರದೇ, ಅಲ್ಲಿಂದಲೂ ಕಳಿಸಬಹುದಿತ್ತು. ಮಗಳಿಗೆ ಸಂಡೂರಿನ ಕಡೆಯಿಂದ ಬಂದಿದ್ದ ಸಂಬಂಧ ಮುರಿಯಬಹುದಿತ್ತು. ಪಾನನಿರೋಧದ ಮಾತು ಊರಲ್ಲೆಲ್ಲ ಜೋರಾಗಿರುವ ಈ ಕಾಲದಲ್ಲಿ, ಮುಂದಿನ ಸಾಲಿನಲ್ಲಿ ಕೂತಿದ್ದ ಖಾದಿಯವರು ನನ್ನ ರಟ್ಟೆ ಹಿಡಿದು ಹೊರಗೆ ನಡೆಸಬಹುದಿತ್ತು. ಜನ ಊಟ ಮಾಡದೆ ಎದ್ದು ಹೋಗಬಹುದಿತ್ತು, ಅಷ್ಟು ದೊಡ್ಡ ಕೊಪ್ಪರಿಗೆಯ ಗೋಧಿ ಹುಗ್ಗಿ ತಣ್ಣಗಾದ ಪಾಪ ನನ್ನ ತಲೆಗೆ ಬರಬಹುದಿತ್ತು. ಕಚ್ಚೆ ಬಿಚ್ಚಬಹುದಿತ್ತು. ದನಿ ಒಡೆಯಬಹುದಿತ್ತು. ಎದೆಯೇ ನಿಂತು ನಾನು ಅಲ್ಲೇ ಉರುಳಿ, ಒಂದೇ ಚಪ್ಪರದಲ್ಲಿ ಎರಡು ಆರಾಧನೆ ನಡೆಯಬಹುದಿತ್ತು.

ಚಪ್ಪರ ಹಾಕಿದ್ದು ಹೊಸಪೇಟೆಯಲ್ಲಿ, ಕಂಪ್ಲಿ ರಸ್ತೆಯ ಅಕ್ಕಿ ಮಿಲ್ಲಿನ ಅಂಗಳದಲ್ಲಿ. ಅವತ್ತು ಮಿಲ್ಲಿನಮ್ಮನ ಗಣಾರಾಧನೆ. ಅವರು ಲಿಂಗೈಕ್ಯರಾಗಿ ಕೆಲವು ದಿನಗಳಾಗಿದ್ದವು. ಅವರ ಮೈದುನ, ಊರೆಲ್ಲ ಸಾವ್ಕಾರರೆನ್ನುವುದು ಇವರನ್ನೇ, ಅತ್ತಿಗೆಯ ಹೆಸರಿನಲ್ಲಿ ಧರ್ಮಶಾಲೆ ಕಟ್ಟಿಸುವುದಾಗಿ ಹೇಳಿದರು. ಬಾಗಿಲ ಮೇಲಿನ ಕಲ್ಲಿನಲ್ಲಿ ‘ರಾಮೇಶ್ವರ ಯಾತ್ರೆ ಮಾಡಿ ಬಂದ ಪುಣ್ಯವಂತೆ’ ಎಂದು ಕೆತ್ತಿಸುವುದಾಗಿಯೂ ಹೇಳಿದರು. ಆಮೇಲೆ ನನ್ನ ಕಡೆ ಕೈ ತೋರಿಸಿದರು.

“ಜೊತಿಗೆ ಹೋಗಿದ್ದ ಮೇಷ್ಟ್ರು ಇಲ್ಲೇ ಅದಾರ. ಆ ಯಾತ್ರಿ ಬಗ್ಗೆ ಅವರ ಬಾಯಿಲೇ ಎರಡು ಮಾತು ಕೇಳೂಣು.”

ಮಿಲ್ಲಿನಮ್ಮ ರಾಮೇಶ್ವರಕ್ಕೆ ಹೋಗಿರಲಿಲ್ಲ. ಹೋಗಿಲ್ಲ ಎಂದು ಹೇಳುವ ಒಂದೇ ಹಟಕ್ಕೆ ಒಂದು ಸುಗ್ಗಿಯನ್ನೇ ಪಣಕ್ಕಿಟ್ಟವರು ಅವರು. ಈಗ ನಾನು ಎದ್ದು ಹೌದೆಂದರೆ ಸಾಕಿತ್ತು, ಬದುಕಿದ್ದಾಗ ಅವರು ಯಾರಿಗೂ ಬಿಟ್ಟುಕೊಡದ ಮಾತು ಸತ್ತ ಮೇಲೆ ಕಲ್ಲಿನಲ್ಲಿ ಸೋತುಹೋಗುತ್ತಿತ್ತು. ಹೌದೆನ್ನುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ. ಇಪ್ಪತ್ತು ವರ್ಷ ಮೇಷ್ಟ್ರಾಗಿರುವುದು ಅದರಿಂದಲೇ.

ಅವರು ನಮ್ಮ ನೆರೆಯವರು. ಹಣೆಯ ಮೇಲೆ ವಿಭೂತಿ, ಹುಬ್ಬಿನ ಮೇಲೆ ತೌಡು, ಇವೆರಡೂ ಇಲ್ಲದ ಅವರ ಮುಖ ನನಗೆ ನೆನಪಿಗೆ ಬರುವುದಿಲ್ಲ. ಗಂಡ ತೀರಿಕೊಂಡಾಗ ಮಿಲ್ಲನ್ನು ಮಾರಿ ತವರಿಗೆ ಹೋಗೆಂದು ಎಲ್ಲರೂ ಹೇಳಿದರಂತೆ. ಅವರು ಮರುದಿನ ಮಿಲ್ಲಿಗೆ ಹೋಗಿ ಕೂತರು. ಎಂಜಿನ್ನಿನ ಸದ್ದಿನಲ್ಲಿ ಮಾತಾಡಿ ಮಾತಾಡಿ ಅವರ ದನಿಗೆ ತಗ್ಗುವುದೇ ಮರೆತುಹೋಗಿತ್ತು. ನನ್ನ ಹೆಂಡತಿಯ ಕಿವಿಯಲ್ಲಿ ಗುಟ್ಟು ಹೇಳುತ್ತಿದ್ದರೆ ಓಣಿಯ ಆ ತುದಿಯ ಅಂಗಡಿಯವನು ‘ಹೌದೇನ್ರಿ?’ ಎನ್ನುತ್ತಿದ್ದ.

ಅವರ ಬಳಿ ಒಂದು ಮಡಿಚುವ ಕುರ್ಚಿಯಿತ್ತು. ಊರಿಗೆ ನಾಟಕ ಕಂಪನಿ ಬಂದಾಗ ಡೇರೆಯಲ್ಲಿ ಗಂಡಸರಿಗೆ ಮುಂದೆ ಕುರ್ಚಿ, ಹೆಂಗಸರಿಗೆ ಪಕ್ಕದಲ್ಲಿ ತಟ್ಟಿಯ ಮರೆಯಲ್ಲಿ ಚಾಪೆ. ಮಿಲ್ಲಿನಮ್ಮ ಆಳಿನ ಕೈಯಲ್ಲಿ ಕುರ್ಚಿ ಹೊರಿಸಿಕೊಂಡು ಬಂದು ಮುಂದಿನ ಸಾಲಿನಲ್ಲಿ ಬಿಚ್ಚಿ ಹಾಕಿ ಕೂತರು. ಮ್ಯಾನೇಜರು ಓಡಿಬಂದ.

“ಅವ್ವಾರ, ಹೆಂಗಸ್ರ ಕಡಿಗೆ ಕುಂದ್ರಿ.”

“ಅಲ್ಲಿ ಕುಂತ್ರ ರಾಜನ ಬೆನ್ನು ಕಾಣತೈತೆಪಾ. ನಾ ರೊಕ್ಕ ಕೊಟ್ಟಿದ್ದು ಮುಖಕ್ಕ.”

ಆ ನಾಟಕದ ರಾಜ ಅವತ್ತು ಹೆದರಿ ಮಾತು ಮರೆತನೆಂದು ನನ್ನ ಹೆಂಡತಿ ಹೇಳುತ್ತಾಳೆ. ನಾನು ನೋಡಲಿಲ್ಲ. ಗಲಾಟೆಯಾದೀತೆಂದು ಬಾಗಿಲ ಹತ್ತಿರವೇ ನಿಂತಿದ್ದೆ.

ಸುಗ್ಗಿ ಮುಗಿದ ಮೇಲೆ ಅವರು ನಮ್ಮಿಬ್ಬರನ್ನೂ ಎತ್ತಿನ ಗಾಡಿಯಲ್ಲಿ ಹಂಪಿಗೆ ಕರೆದುಕೊಂಡು ಹೋಗುವುದಿತ್ತು. ಗುಡಿಗೆ ಕೈ ಮುಗಿದು ಹೇಮಕೂಟದ ಬಂಡೆಯ ಮೇಲೆ ಕಾಲು ಚಾಚಿ ಕೂರುವರು. ಹೊತ್ತು ಮುಳುಗುವ ಮೊದಲು ಹೊರಡೋಣ, ದಾರಿಯಲ್ಲಿ ಚಿರತೆ ಇದ್ದೀತು, ಗಾಡಿಯ ಕೀಲು ಮುರಿದೀತು ಎಂದು ನಾನು ಗೊಣಗುತ್ತಿದ್ದೆ. ಒಂದು ದಿನ ಅವರು ಕೆಂಪಗಾಗುತ್ತಿದ್ದ ಬಂಡೆಗಳನ್ನು ನೋಡುತ್ತ, “ಮೇಷ್ಟ್ರ, ಗಂಡಸ್ರಿಗೆ ಸಂಜಿ ಅಂಬೋದು ಒಂದು ಐತಿ. ಇಸ್ಪೀಟು ಐತಿ, ನಾಟಕ ಐತಿ, ಕುಡಿಯೋರಿಗೆ ಅಂಗಡಿ ಐತಿ, ಏನೂ ಇಲ್ದಿದ್ರ ಕಟ್ಟಿ ಮ್ಯಾಲೆ ಹರಟಿ ಐತಿ. ಹೆಂಗಸ್ರಿಗೆ ಸಂಜಿ ಆಗಂಗಿಲ್ರಿ. ಬರೇ ಕತ್ತಲಾಗತೈತಿ” ಎಂದರು.

ನನ್ನ ಹೆಂಡತಿ ಆ ಮಾತಿಗೆ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಗಾಡಿಯ ಕೀಲನ್ನು ನೋಡಿದೆ.

ಕೊಲಂಬೊದ ಸುದ್ದಿ ಅವರ ತಲೆಗೆ ಹಾಕಿದವನು ಮದರಾಸಿನಿಂದ ಮಿಲ್ಲಿನ ಯಂತ್ರ ರಿಪೇರಿಗೆ ಬರುತ್ತಿದ್ದ ಒಬ್ಬ ಮೆಕ್ಯಾನಿಕ್. ಅಲ್ಲಿ ಸಮುದ್ರದ ದಂಡೆಯುದ್ದಕ್ಕೂ ಸಂಜೆ ದೀಪ ಹತ್ತುತ್ತವೆ, ಹೋಟೆಲುಗಳಲ್ಲಿ ಬ್ಯಾಂಡು ಬಾರಿಸುತ್ತಾರೆ, ಗಂಡಸರು ಹೆಂಗಸರು ಒಟ್ಟಿಗೆ ಕೂತು ಕೇಳುತ್ತಾರೆ, ಬೇಕಾದವರು ಕುಡಿಯುತ್ತಾರೆ ಎಂದು ಅವನು ಹೇಳಿದ್ದನಂತೆ. ಬೇಸಿಗೆ ರಜೆ ಬಿಟ್ಟ ವಾರ ಮಿಲ್ಲಿನಮ್ಮ ನಮ್ಮ ಜಗುಲಿಗೆ ಬಂದು ನಿಂತರು.

“ಮೇಷ್ಟ್ರ, ನಿಮಗ ಇಂಗ್ಲೀಷ್ ಬರತೈತಿ. ನಿಮ್ಮ ಮನ್ಯಾಕಿಗೆ ಧೈರ್ಯ ಐತಿ. ನನಗ ಎರಡೂ ಬೇಕು. ನಡ್ರಿ, ಲಂಕಾಕ್ಕ ಹೋಗಿ ಬರೂಣು.”

ನಾನು ಹಡಗು, ಕಾಲರಾ, ಕ್ವಾರಂಟೈನು, ಕಳ್ಳರು ಎಂದು ಶುರುಮಾಡುವಷ್ಟರಲ್ಲಿ ನನ್ನ ಹೆಂಡತಿ ಒಳಗೆ ಟ್ರಂಕಿನ ಧೂಳು ಕೊಡವುತ್ತಿದ್ದಳು.

ಊರಿಗೆ ಗೊತ್ತಾಯಿತು. ಗುಟ್ಟಾಗಿ ಹೇಳಿದ್ದರಲ್ಲ! ಸಾವ್ಕಾರರು ಮಿಲ್ಲಿನ ಬಾಗಿಲಲ್ಲಿ ನಿಂತು ಕೈ ಹಿಸುಕಿಕೊಂಡರು. ಅವರು ಕೆಟ್ಟವರಲ್ಲ, ಜನ ಏನಂದಾರು ಎನ್ನುವುದೊಂದೇ ಅವರಿಗಿದ್ದ ಕಾಯಿಲೆ. ಆ ಕಾಯಿಲೆ ನನಗೂ ಇರುವುದರಿಂದ ಅವರನ್ನು ಕಂಡರೆ ನನಗೆ ಅಯ್ಯೋ ಎನಿಸುತ್ತದೆ.

“ಅತ್ತಿಗಿ, ನಮ್ಮ ಹಂಪಿ ಕಡಿಂದ ಲಂಕಾಕ್ಕ ಹೋದಾವ ಇಲ್ಲೀತನಕ ಒಬ್ಬನ. ಅವನೂ ಊರು ಸುಟ್ಟು ಬಂದ.”

“ಅವಗ ಕುಂದ್ರಾಕ ಕುರ್ಚಿ ಕೊಡಲಿಲ್ಲೋ, ಅದಕ್ಕ ಸುಟ್ಟ. ನನ್ನ ಕುರ್ಚಿ ನಾ ಒಯ್ಯಾಕತ್ತೀನಿ.”

ನಿಜವಾಗಿಯೂ ಒಯ್ದರು. ಗುಂತಕಲ್ಲಿನಲ್ಲಿ ಗಾಡಿ ಬದಲಾಯಿಸುವಾಗ ಅದನ್ನು ಹೊತ್ತವನು ನಾನು.

ಮದರಾಸು ದಾಟಿ, ಒಂದು ರಾತ್ರಿ ಕಳೆದು, ರೈಲು ಸಮುದ್ರದ ಮೇಲಿನ ಸೇತುವೆ ದಾಟಿ ಪಾಂಬನ್ನಿನಲ್ಲಿ ನಿಂತಿತು. ರಾಮೇಶ್ವರಕ್ಕೆ ಹೋಗುವವರು ಅಲ್ಲಿ ಇಳಿದು ಬೇರೆ ಗಾಡಿ ಹತ್ತಬೇಕು. ಡಬ್ಬಿಯ ಜನವೆಲ್ಲ ಕೈ ಮುಗಿಯುತ್ತ ಇಳಿಯತೊಡಗಿದರು. ದಾರಿಯುದ್ದಕ್ಕೂ ನಾನು ಕಾಯುತ್ತಿದ್ದದ್ದು ಈ ನಿಲ್ದಾಣಕ್ಕೇ.

“ಅಕ್ಕಾರ, ಇಲ್ಲಿ ಇಳಿದು ಒಂದು ಸ್ನಾನ, ಒಂದು ದರ್ಶನ ಮಾಡಿಬಿಡೂಣು. ಆಮ್ಯಾಲೆ ಎಲ್ಲಿಗೆ ಬೇಕಾದ್ರೂ ಹೋಗೂಣು. ಊರಾಗ ಕೇಳಿದ್ರ ರಾಮೇಶ್ವರ ಅಂತ ಹೇಳಾಕ ಬರತೈತಿ. ಸುಳ್ಳೂ ಆಗಂಗಿಲ್ಲ.”

ಅವರು ಕಿಟಕಿಯಿಂದಲೇ ಗುಡಿಯಿದ್ದ ದಿಕ್ಕಿಗೆ ಕೈ ಮುಗಿದರು. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ ನನ್ನ ಕಡೆ ತಿರುಗಿದರು.

“ದೇವ್ರ ಮ್ಯಾಲೆ ನನಗ ಸಿಟ್ಟಿಲ್ಲ ಮೇಷ್ಟ್ರ. ಒಂದು ಸರ್ತಿ ಅವನ ಸಲುವಾಗೇ ಬರ್ತೀನಿ. ಆದ್ರ ನನ್ನ ಮೋಜು ಅವನ ಹೆಸರಿನ್ಯಾಗ ಮುಚ್ಚಿಟಗೊಂಡು ಒಯ್ಯಂಗಿಲ್ಲ. ನಾ ಏನು ಕಳ್ಳಮಾಲು ಸಾಗಸಾಕ ಬಂದೀನೇನು?”

ರೈಲು ಹೊರಟಿತು. ಇಳಿಯದೆ ಉಳಿದವರ ಪೈಕಿ ಇಳಿದವರ ಕಡೆ ತಿರುತಿರುಗಿ ನೋಡುತ್ತಿದ್ದವನು ನಾನೊಬ್ಬನೇ ಇರಬೇಕು. ಮುಂದೆ ಹಡಗಿನಲ್ಲಿ ಹೆದರುವುದಕ್ಕೆ ಬೇರೆ ಕಾರಣಗಳಿದ್ದವು.

ಕೊಲಂಬೊದಲ್ಲಿ ನಾವು ಇಳಿದುಕೊಂಡದ್ದು ದೊರೆಗಳ ದೊಡ್ಡ ಹೋಟೆಲಿನಲ್ಲಲ್ಲ, ಅದರಾಚೆಯ ಒಂದು ಎರಡನೆಯ ದರ್ಜೆಯದರಲ್ಲಿ. ಅದೂ ಸಮುದ್ರಕ್ಕೆ ಎದುರಾಗಿಯೇ ಇತ್ತು. ಮೊದಲ ಸಂಜೆ ಮಿಲ್ಲಿನಮ್ಮ ಸ್ನಾನ, ಲಿಂಗಪೂಜೆ ಮುಗಿಸಿ, ಒಗೆದ ಬಿಳಿ ಸೀರೆಯುಟ್ಟು ಮೆಟ್ಟಿಲಿಳಿದು ಬಂದರು. ಬ್ಯಾಂಡು ಶುರುವಾಗಿತ್ತು. ಬಾರಿನ ಬಾಗಿಲಲ್ಲಿದ್ದ ತಿರುನೆಲ್ವೇಲಿಯ ವೇಟರನು ನನ್ನ ಜೊತೆಗೆ ಇಂಗ್ಲಿಷಿನಲ್ಲಿ ಮಾತಾಡಿ, ಹೆಂಗಸರು ಹೊರಗಿನ ಜಗುಲಿಯಲ್ಲಿ ಕೂರಬೇಕೆಂದು ವಿನಯದಿಂದಲೇ ತಿಳಿಸಿದ. ಒಳಗೆ ಟೊಪ್ಪಿಗೆಯ ದೊರೆಸಾನಿಯರು ಕೂತಿದ್ದರು. ನಾನು ಜಗುಲಿಯ ಕಡೆ ಆಗಲೇ ನಾಲ್ಕು ಹೆಜ್ಜೆ ಹಾಕಿದ್ದೆ.

“ಏನಂತಾನ?” ಎಂದರು ಮಿಲ್ಲಿನಮ್ಮ. ನಾನು ಹೇಳಿದೆ.

“ಆ ಒಳಗ ಕುಂತೋರು ಯಾರಂತ? ಗಂಡಸ್ರಂತೇನು?”

ಇದನ್ನು ಇಂಗ್ಲಿಷಿಗೆ ತರುವುದು ನನ್ನಿಂದಾಗಲಿಲ್ಲ. ತರುವ ಅಗತ್ಯವೂ ಬೀಳಲಿಲ್ಲ. ಅವರು ಒಳಗೆ ನಡೆದು, ಬ್ಯಾಂಡಿನವರ ಮುಖ ಕಾಣುವ ಕಿಟಕಿಯ ಪಕ್ಕದ ಮೇಜು ನೋಡಿ ಕೂತಾಗಿತ್ತು. ನನ್ನ ಹೆಂಡತಿ ಅವರ ಎದುರಿಗೆ. ವೇಟರ್ ಮತ್ತೆ ಬಂದ. ಮಿಲ್ಲಿನಮ್ಮ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಭತ್ತದ ಗಾಡಿ ಅಡ್ಡ ನಿಲ್ಲಿಸಿದವನಿಗೆ ಹೇಳುವ ದನಿಯಲ್ಲಿ, ಅರ್ಧ ತೆಲುಗಿನಲ್ಲಿ, ಆ ಮೂಲೆಯ ಅಜ್ಜಿ ಕುಡಿಯುತ್ತಿರುವುದನ್ನೇ ತನಗೂ ತಾ ಎಂದರು. ಇಡೀ ಬಾರು ತಿರುಗಿ ನೋಡಿತು. ಮೂಲೆಯ ದೊರೆಸಾನಿ ಅಜ್ಜಿ ಮಾತ್ರ ತನ್ನ ಗ್ಲಾಸನ್ನು ಸ್ವಲ್ಪ ಎತ್ತಿ ತೋರಿಸಿ ನಕ್ಕಳು. ವೇಟರನಿಗೆ ಅದೇ ಅಪ್ಪಣೆಯಾಯಿತು.

ಬಂದದ್ದು ಕೆಂಪು ವೈನು. ಮಿಲ್ಲಿನಮ್ಮ ಒಂದು ಗುಟುಕು ಬಾಯಿಗೆ ಹಾಕಿ, ಅಕ್ಕಿ ಕಾಳು ಹಲ್ಲಿಗೆ ಕೊಟ್ಟು ನೋಡುವಾಗಿನ ಹಾಗೆ ಮುಖ ಮಾಡಿದರು.

“ಹೆಂಗೈತ್ರಿ ಅಕ್ಕಾರ?” ಎಂದಳು ನನ್ನ ಹೆಂಡತಿ.

“ಕಷಾಯಕ್ಕಿಂತ ಪಾಡು. ಕಂಪ್ಲಿ ಕಬ್ಬಿನ ಹಾಲಿನ ಮುಂದ ಏನೂ ಅಲ್ಲ.”

ಹಾಗೆಂದು ಬಿಡಲಿಲ್ಲ, ಪೂರ್ತಿ ಕುಡಿದರು. ನಾನು ಸೋಡಾ ಕುಡಿದೆ. ತಲೆ ತಿರುಗಿದ್ದು ನನಗೇ. ಸ್ಕೂಲ್ ಇನ್ಸ್‌ಪೆಕ್ಟರು ರಜೆಗೆಂದು ಇಲ್ಲಿಗೇ ಬಂದು ಕಂಬದ ಹಿಂದೆ ಕೂತಿದ್ದಾರೆ ಎಂದು ನನಗೆ ಪದೇ ಪದೇ ಅನ್ನಿಸುತ್ತಿತ್ತು. ನಡುವೆ ಒಮ್ಮೆ ಮೇಲೆ ಹೋಗಿ ಖೋಲಿಯ ಬೀಗ ಸರಿಯಾಗಿ ಬಿದ್ದಿದೆಯೇ ಎಂದು ನೋಡಿಯೂ ಬಂದೆ.

ಹೊರಗೆ ದಂಡೆಯುದ್ದಕ್ಕೂ ದೀಪಗಳು ಹತ್ತಿದವು. ತೆಂಗಿನ ಮರಗಳ ಕೆಳಗೆ ಜನ ಮಕ್ಕಳ ಕೈ ಹಿಡಿದುಕೊಂಡು ಸುಮ್ಮನೆ ಅಡ್ಡಾಡುತ್ತಿದ್ದರು. ಒಳಗೆ ಜೋಡಿಗಳು ಕುಣಿಯಲು ಎದ್ದವು. ನಾನು ನಾಚಿ ಮೇಜಿನ ಬಟ್ಟೆ ನೋಡಿದೆ. ಮಿಲ್ಲಿನಮ್ಮ ಕಣ್ಣು ಬಿಟ್ಟುಕೊಂಡು ನೋಡಿದರು. “ಇಷ್ಟು ಮಂದ್ಯಾಗ ಒಬ್ಬರ ಕಾಲು ಒಬ್ಬರು ತುಳಿಯವಲ್ರು. ಭಾಳ ಕಲತಾರ” ಎಂದರು. ಸ್ವಲ್ಪ ಹೊತ್ತಿಗೆ ಬ್ಯಾಂಡಿನ ಪಿಟೀಲಿನವನು, ಗೋವೆಯ ಕಡೆಯ ಬಡಕಲು ಮನುಷ್ಯ, ಮೇಜಿಂದ ಮೇಜಿಗೆ ಬಂದು ಏನು ಬಾರಿಸಲಿ ಎಂದು ಕೇಳುತ್ತ ನಮ್ಮಲ್ಲಿಗೂ ಬಂದ.

“ಅವಗ ಹೇಳ್ರಿ ಮೇಷ್ಟ್ರ, ಯಾರೂ ಕೇಳದಿದ್ದಾಗ ತನ್ನ ಸಲುವಾಗಿ ಏನು ಬಾರಸ್ತಾನೋ ಅದನ್ನ ಬಾರಸು ಅಂತ.”

ಹೇಳಿದೆ. ಅವನು ಪಿಟೀಲನ್ನು ಗಲ್ಲಕ್ಕೆ ಒತ್ತಿಕೊಂಡು ನಿಂತಲ್ಲೇ ಒಂದು ನಿಧಾನದ ಹಾಡು ಬಾರಿಸಿದ. ಕುಣಿಯುವವರು ನಿಂತರು. ಮುಗಿದಾಗ ಮಿಲ್ಲಿನಮ್ಮ ಅವನಿಗೆ ಕೈ ಮುಗಿದರು, ಗುಡಿಗೆ ಮುಗಿದ ಹಾಗೆಯೇ. “ಈಗ ಆತು ನೋಡ್ರಿ ಸಂಜಿ” ಎಂದರು. ಇಷ್ಟೇ. ಅಲ್ಲಿದ್ದಷ್ಟು ದಿನವೂ ಅವರು ಅದೇ ಹೊತ್ತಿಗೆ ಅದೇ ಮೇಜಿಗೆ ಬಂದು ಕೂತರು. ಎರಡನೆಯ ದಿನದಿಂದ ವೇಟರನು ಕುರ್ಚಿಯನ್ನು ತಾನೇ ಎಳೆದುಕೊಡುತ್ತಿದ್ದ.

ತಿರುಗಿ ಬರುವಾಗಲೂ ಪಾಂಬನ್ನಿನಲ್ಲಿ ಇಳಿಯಲಿಲ್ಲ. ನಾನೂ ಕೇಳಲಿಲ್ಲ.

ನಮ್ಮ ಕಡೆ ಯಾರಾದರೂ ರಾಮೇಶ್ವರದಿಂದ ಬಂದರೆ ಸ್ಟೇಷನ್ನಿಗೇ ಬಾಜಾ ಬರುತ್ತದೆ. ಯಾತ್ರೆ ಮಾಡಿದವರ ಕಾಲು ತೊಳೆದು, ಹಾರ ಹಾಕಿ, ಮೆರವಣಿಗೆಯಲ್ಲಿ ಮನೆಗೆ ಕರೆತರುತ್ತಾರೆ. ಹೊಸಪೇಟೆ ಸ್ಟೇಷನ್ನಿನಲ್ಲಿ ಗಾಡಿ ನಿಂತಾಗ ಸನಾಯಿ, ಹಲಗೆ, ನೀರಿನ ಬಿಂದಿಗೆ ಎಲ್ಲವೂ ಸಿದ್ಧವಾಗಿತ್ತು. ಲಂಕೆಯ ಮಾತು ಬರೀ ತಮಾಷೆಯದು, ಅತ್ತಿಗೆ ಹೋಗಿರುವುದು ರಾಮೇಶ್ವರಕ್ಕೇ ಎಂದು ಸಾವ್ಕಾರರು ಊರಿಗೆಲ್ಲ ಹೇಳಿಬಿಟ್ಟಿದ್ದರು. ಹೇಳಿ ಹೇಳಿ ಅವರಿಗೂ ನಂಬಿಕೆ ಬಂದಿತ್ತೆಂದು ಕಾಣುತ್ತದೆ, ಕಣ್ಣಲ್ಲಿ ನಿಜವಾದ ನೀರಿತ್ತು. ಒಬ್ಬ ಮುದುಕಿ ಮಿಲ್ಲಿನಮ್ಮನ ಪಾದಕ್ಕೆ ಬಿಂದಿಗೆ ಬಗ್ಗಿಸಲು ಬಂದಳು. ಅವರು ಕಾಲು ಹಿಂದಕ್ಕೆಳೆದುಕೊಂಡರು.

“ಬ್ಯಾಡವಾ. ನಾ ಯಾತ್ರಿಗೆ ಹೋಗಿದ್ದಿಲ್ಲ. ಮೋಜಿಗೆ ಹೋಗಿದ್ದೆ.”

ಅವರ ಗುಟ್ಟಿನ ದನಿಯೇ ಓಣಿಗೆ ಕೇಳುತ್ತಿತ್ತು, ಇದು ಗುಟ್ಟಿನ ದನಿಯಾಗಿರಲಿಲ್ಲ. ಸನಾಯಿ ನಡುವೆಯೇ ನಿಂತಿತು.

“ಅತ್ತಿಗಿ, ದಣಿದೀರಿ. ಮನಿಗೆ ನಡ್ರಿ” ಎಂದರು ಸಾವ್ಕಾರರು, ಹಲ್ಲಿನ ಸಂದಿಯಲ್ಲಿ.

“ದಣಿದಿಲ್ಲ. ಭಾಳ ಆರಾಮ ಅದೀನಿ. ಬಾಜಾ ಯಾಕ ನಿಲ್ಸಿದ್ರಿ? ಬಾರಿಸ್ರಿ, ಚಲೋ ಇತ್ತು.”

ಬಾರಿಸಲಿಲ್ಲ. ಜನ ಒಬ್ಬೊಬ್ಬರೇ ಕರಗಿದರು. ನಾವು ಮೂವರು ಜಟಕಾ ಮಾಡಿಕೊಂಡು ಮನೆಗೆ ಬಂದೆವು.

ಆಮೇಲೆ ಹಿರಿಯರು ಬಂದರು. ಮಠದಯ್ಯನವರು ಮೆತ್ತಗೇ ಮಾತಾಡಿದರು. “ಒಂದು ಮಾತು ಅಂದುಬಿಡು ತಾಯಿ, ರಾಮೇಶ್ವರಕ್ಕೂ ಹೋಗಿದ್ದೆ ಅಂತ. ನಾಕು ಮಂದಿಗೆ ಉಣಿಸು. ಮುಗೀತು.” ಮಿಲ್ಲಿನಮ್ಮ, “ಉಣಿಸ್ತೀನ್ರಿ ಅಯ್ಯಾರ. ಆ ಮಾತು ಮಾತ್ರ ಅನ್ನಂಗಿಲ್ಲ” ಎಂದರು. ಆ ಸುಗ್ಗಿಯಲ್ಲಿ ಬುಕ್ಕಸಾಗರ, ಕಮಲಾಪುರದ ಭತ್ತದ ಗಾಡಿಗಳು ಮಿಲ್ಲಿನ ಮುಂದೆಯೇ ಹಾದು ಬೇರೆ ಮಿಲ್ಲಿಗೆ ಹೋದವು. ಎಂಜಿನ್ನು ಸುಮ್ಮನಾಯಿತು. ಸುಮ್ಮನಾದ ಆ ಅಂಗಳದಲ್ಲಿ ಅವರು ದಿನಾ ಸಂಜೆ ಕುರ್ಚಿ ಹಾಕಿಕೊಂಡು, ರಸ್ತೆಗೆ ಮುಖ ಮಾಡಿ ಕೂರುತ್ತಿದ್ದರು. ಒಳಗೆ ಹೋಗಿ ಕೂರಿ ಎಂದು ನಾನು ಹೇಳಿದರೆ, “ಯಾಕ? ನಾ ಏನು ಕದ್ದೀನಿ?” ಎನ್ನುವರು. ಆದರೆ ಅವರ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿರುತ್ತಿತ್ತು. ಮಿಲ್ಲೊಂದೇ ಅವರಿಗಿದ್ದದ್ದು.

ಒಂದು ಸಂಜೆ ಬುಕ್ಕಸಾಗರದ ಗಾಡಿಯೊಂದು ಮಿಲ್ಲಿನೆದುರು ಬಂತು. ಗಂಡ ಮುಂದಕ್ಕೆ ಹೊಡೆಯುತ್ತಿದ್ದ. ಮೂಟೆಗಳ ಮೇಲೆ ಕೂತಿದ್ದ ಹೆಂಡತಿ ಬಗ್ಗಿ ಅವನ ಕೈಯಿಂದ ಹಗ್ಗ ಕಿತ್ತುಕೊಂಡು ಎತ್ತುಗಳನ್ನು ಒಳಕ್ಕೆ ತಿರುಗಿಸಿದಳು.

“ಏ, ಏನು ಮಾಡ್ತಿಲೇ!” ಎಂದ ಅವನು.

“ನೀ ಸುಮ್ಕಿರು” ಎಂದು ಗಾಡಿಯಿಂದ ಧುಮುಕಿ, ಅವಳು ಮಿಲ್ಲಿನಮ್ಮನ ಕಾಲ ಬಳಿ ನೆಲದಲ್ಲಿ ಕೂತಳು. “ಅಕ್ಕಾ, ಭತ್ತ ಆಮ್ಯಾಲೆ ಹಾಕೂಣು. ಮೊದ್ಲ ಹೇಳು, ಸಮುದ್ರದ ದಂಡ್ಯಾಗ ದೀಪ ಹೆಂಗಿರತಾವ?”

ಮಿಲ್ಲಿನಮ್ಮ ಹೇಳಿದರು. ಮುಂದಿನ ವಾರ ಇನ್ನೆರಡು ಗಾಡಿ ಬಂದವು, ಅವುಗಳ ಮೇಲೂ ಹೆಂಗಸರಿದ್ದರು. ಎಂಜಿನ್ನು ಮತ್ತೆ ಹತ್ತಿತು. ಆ ಸಂಜೆಗಳಲ್ಲಿ ಅಂಗಳದಲ್ಲಿ ಎಷ್ಟು ನಗು ಇರುತ್ತಿತ್ತೆಂದರೆ, ಗಂಡಸರು ತಮ್ಮದೇ ಗಾಡಿಗಳ ಬಳಿ ಹೊರಗೆ ಕಾಯುತ್ತ ನಿಂತಿರುತ್ತಿದ್ದರು.

ಇಂಥವರ ಹೆಸರಿನ ಕೆಳಗೆ ಸಾವ್ಕಾರರು ರಾಮೇಶ್ವರ ಕೆತ್ತಿಸಲಿದ್ದರು. ನಾನು ಎದ್ದೆ. ಒಂದು ಕೈಯಲ್ಲಿ ಕಚ್ಚೆ ಹಿಡಿದುಕೊಂಡೆ.

“ಸಾವ್ಕಾರ್ರ, ಕಲ್ಲಿನ ಮ್ಯಾಲೆ ಸುಳ್ಳು ಬರಸಬ್ಯಾಡ್ರಿ. ರೈಲು ನಿಂತಾಗ ಇಳೀರಿ ಅಂತ ಕೈ ಮುಗುದು ಬೇಡ್ಕೊಂಡಾವ ನಾನ. ಅವರು ಇಳೀಲಿಲ್ಲ. ಕೊಲಂಬೊಕ್ಕ ಹೋದ್ರು. ಬಾರಿನ್ಯಾಗ ಕುಂತ್ರು, ಬ್ಯಾಂಡ್ ಕೇಳಿದ್ರು, ವೈನು ಕುಡುದ್ರು.”

“ಮೇಷ್ಟ್ರ! ಸತ್ತೋರ ಮಾನ ತೆಗೀಬ್ಯಾಡ್ರಿ!”

“ಮಾನ ನಾ ತೆಗ್ಯಾಕತ್ತಿಲ್ರಿ. ಅವರು ಸ್ಟೇಷನ್‌ನ್ಯಾಗ ನಿಂತು ಊರಿಗೆ ಕೇಳಂಗ ಹೇಳಿದ ಮಾತದು. ಬದುಕಿದ್ದಾಗ 'ನೀ ಸುಳ್ಳು' ಅಂತ ಅವರ ಮುಖಕ್ಕ ಹೇಳಾಕ ಯಾರಿಗೂ ಆಗಲಿಲ್ಲ. ಈಗ ಅವರು ಎದ್ದು ಬರಂಗಿಲ್ಲ ಅಂತ ತಿದ್ದಾಕ ಹೊಂಟೀರಿ. ತಿದ್ದೂದು ನನ್ನ ಕೆಲಸ, ನಾ ಹೇಳ್ತೀನಿ, ಅದರಾಗ ತಪ್ಪಿಲ್ಲ. ಹಂಗ ಬಿಡ್ರಿ!”

ದನಿ ಒಡೆಯಲಿಲ್ಲ. ಕಚ್ಚೆ ನಿಂತಿತು. ಖಾದಿಯವರು ತಮ್ಮ ಉಗುರು ನೋಡಿಕೊಂಡರು. ಹಿಂದಿನಿಂದ ಬುಕ್ಕಸಾಗರದ ಹೆಂಗಸೊಬ್ಬಳು, “ಹೌದೌದು, ನಮಗೂ ಹಂಗ ಹೇಳಿದ್ಲು” ಎಂದಳು. ಅವಳ ಪಕ್ಕದವಳು ಹೂಂಗುಟ್ಟಿದಳು, ಅವಳ ಪಕ್ಕದವಳೂ. ಸಾವ್ಕಾರರು ಹೆಂಗಸರ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಕೊನೆಗೆ ಊಟಕ್ಕೆ ಬಂದಿದ್ದ ಕಲ್ಲುಕುಟಿಗನಿಗೆ, “ಹೆಸರಷ್ಟ ಕೆತ್ತು. ಆ ಸಾಲು ಬ್ಯಾಡ” ಎಂದರು. ಹುಗ್ಗಿ ಬಿಸಿಯಾಗಿಯೇ ಇತ್ತು. ನಾನು ಇಂದಿಗೂ ಅದೇ ಶಾಲೆಯಲ್ಲಿದ್ದೇನೆ, ಅದೇ ಮನೆಯಲ್ಲಿದ್ದೇನೆ, ಸಂಡೂರಿನ ಬೀಗರು ಬರುವ ತಿಂಗಳು ಮಾತುಕತೆಗೆ ಬರುತ್ತಾರೆ.

ತಪ್ಪಿದ್ದು ಒಂದೇ. ಕೂರುವ ಮೊದಲು, ಗೆದ್ದ ಹುರುಪಿನಲ್ಲಿ, ಯಾರೂ ಕೇಳದಿದ್ದರೂ ನಾನು ಇನ್ನೊಂದು ಮಾತು ಸೇರಿಸಿಬಿಟ್ಟೆ: “ಅವರೊಬ್ರ ಅಲ್ರಿ. ನನ್ನ ಹೆಂಡತಿನೂ ಅವತ್ತು ಒಂದು ಗ್ಲಾಸು ಕುಡುದಾಳ!”

ಚಪ್ಪರವೆಲ್ಲ ಹೆಂಗಸರ ಸಾಲಿನ ಕಡೆ ತಿರುಗಿತು. ನನ್ನವಳು ತಲೆ ಬಗ್ಗಿಸಲಿಲ್ಲ. ಸೆರಗು ಸರಿಮಾಡಿಕೊಂಡು, ನಾನು ತರಗತಿಯಲ್ಲಿ ಲೆಕ್ಕ ತಪ್ಪಿದವರನ್ನು ನೋಡುವ ಹಾಗೆ ನನ್ನನ್ನೇ ನೋಡಿದಳು.

“ಒಂದಲ್ರಿ, ಎರಡು. ನೀವು ಖೋಲಿ ಬೀಗ ನೋಡಾಕ ಮ್ಯಾಲೆ ಹೋಗಿದ್ರಿ.”